ಅವ್ವನ ಹಾಲಿಗೆ ಬಿದ್ದ ಸೊನ್ನೆ

ದೇವಲಾಪುರದಾಚೆಯ ನಮ್ಮೂರಿನಲ್ಲಿ ಅವ್ವ ಡೈರಿಗೆ ಹಾಲು ಹಾಕಿದ ಕೂಡಲೇ ಮೊಬೈಲಿಗೆ ಮೆಸೇಜು ಬರುತ್ತದೆ: ಇಷ್ಟು ಲೀಟರು, ಇಷ್ಟು ಫ್ಯಾಟು. ಅವ್ವನಿಗೆ ಓದು ಬಾರದು. ಆ ಶನಿವಾರ ಪಕ್ಕದ ಮನೆಯಾಕೆ ಅದನ್ನು ಓದಿ, "ಇದೇನಕ್ಕ, ಫ್ಯಾಟು ಸೊನ್ನೆ ಬಂದದೆ? ನೀರ್ಗೀರ್ ಉಯ್ದ್ಯಾ?" ಎಂದು ನಕ್ಕಳು. ತಮಾಷೆಗೇ ಅಂದಿರಬಹುದು. ಆದರೆ ಮಧ್ಯಾಹ್ನದೊಳಗೆ ಮಾತು ಬೀದಿಯೆಲ್ಲ ಸುತ್ತಿಬಂದಿತ್ತು.

ಸಂಜೆ ಅವ್ವ ಡೈರಿ ಕಡೆ ಹೋಗಲೇ ಇಲ್ಲ. ಅಷ್ಟೂ ಹಾಲಿಗೆ ಹೆಪ್ಪು ಹಾಕಿ ಕೂತಳು. "ಒಂದ್ ತೊಟ್ಟು ನೀರ್ ಬೆರ್ಸಿದವ್ಳಲ್ಲ ಕಣ್ ಮಗ. ಇನ್ನ ಯಾವ್ ಮಕ ಇಟ್ಕಂಡ್ ಓಗ್ಲಿ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮೆಸೇಜು ಕಳಿಸುವ ಜಾವಾ ಪ್ರೋಗ್ರಾಮನ್ನು ನೋಡಿಕೊಳ್ಳುವುದು ಶ್ರೀರಂಗಪಟ್ಟಣದ ನಮ್ಮ ಪುಟ್ಟ ಆಫೀಸೇ. ಬರೆದವನು ಕೆಲಸ ಬಿಟ್ಟು ಹೋಗಿದ್ದರಿಂದ ಅದು ನನ್ನ ತಲೆಗೆ ಬಂದಿತ್ತು. ಭಾನುವಾರವೇ ಲ್ಯಾಪ್‌ಟಾಪು ತೆರೆದೆ. ಡೈರಿಯ ಕಂಪ್ಯೂಟರು ಒಬ್ಬೊಬ್ಬರ ಹಾಲಿಗೂ ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದೊಂದು ಸಾಲು ಬರೆಯುತ್ತದೆ. ಸದಸ್ಯರ ನಂಬರು, ಲೀಟರು, ಫ್ಯಾಟು ಅದರ ಆಟ್ರಿಬ್ಯೂಟುಗಳು. ಜಾವಾ ಒಂದೊಂದನ್ನೂ ತೆಗೆದು ಆಬ್ಜೆಕ್ಟು ಎಂಬ ತನ್ನ ಪೆಟ್ಟಿಗೆಯಲ್ಲಿರುವ ಅದೇ ಹೆಸರಿನ ಖಾನೆಗೆ, ಅಂದರೆ ಪ್ರಾಪರ್ಟಿಗೆ, ತುಂಬಿಸುತ್ತದೆ. ಅವ್ವನ ಸಾಲಿನಲ್ಲಿ ಫ್ಯಾಟಿನ ಆಟ್ರಿಬ್ಯೂಟೇ ಇರಲಿಲ್ಲ.

ಡೈರಿ ಸೆಕ್ರೆಟರಿಗೆ ಫೋನು ಮಾಡಿದೆ. "ನಿಮ್ಮವ್ವ ಬಂದಾಗ್ಲೇ ಟೆಸ್ಟ್ ಮಾಡೋ ಮಿಸನ್ನು ಕೈಕೊಡ್ತು ಕಣವ್ವ. ಬರೀ ಅಳ್ದು ಸುರ್ಕಂಡೊ, ಆಮೇಲ್ ಸರಿಯೋಯ್ತು" ಎಂದರು. ತುಂಬಲು ಏನೂ ಸಿಗದೆ, ಜಾವಾ ಆ ಪ್ರಾಪರ್ಟಿಗೆ ಮೊದಲೇ ಇಟ್ಟಿದ್ದ ಸೊನ್ನೆ ಹಾಗೇ ಉಳಿದಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆ ಪ್ರಾಪರ್ಟಿ ಖಾಲಿಯಾಗಿಯೂ ಇರಬಲ್ಲ ಹಾಗೆ ಬದಲಿಸಿ, ಖಾಲಿ ಇದ್ದರೆ 'ಪರೀಕ್ಷೆ ಆಗಿಲ್ಲ' ಎಂದು ಮೆಸೇಜು ಹೋಗುವಂತೆ ಮಾಡಿದೆ.

ಅವ್ವನಿಗೆ ಬಿಡಿಸಿ ಹೇಳಿದರೆ ಸಮಾಧಾನವಾದೀತು ಎಂದುಕೊಂಡಿದ್ದೆ. "ಅಂಗಾರೆ ನೋಡ್ದೇನೇ ಸೊನ್ನೆ ಅಂದ್ಬುಟ್ರಾ?" ಎಂದು ಇನ್ನಷ್ಟು ಕೆರಳಿದಳು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಸಪ್ಪಗೆ ಕೂತ ಅವ್ವನನ್ನು ನೋಡುವುದಕ್ಕಿಂತ ಇದು ವಾಸಿ.

ಸೋಮವಾರ ಬೆಳಿಗ್ಗೆ ಕ್ಯಾನು ಎತ್ತಿಕೊಂಡು ಹೊರಟಳು, ನಾನೂ ಜೊತೆಗೆ ಹೋದೆ. ಡೈರಿ ಮುಂದೆ ಅರ್ಧ ಊರೇ ನಿಂತಿತ್ತು. ಟೆಸ್ಟು ಮುಗಿಯುವ ತನಕ ಅವ್ವ ಮಿಷನ್ನಿನ ಮುಂದಿನಿಂದ ಕದಲಲಿಲ್ಲ. ಮೊಬೈಲು ಸದ್ದು ಮಾಡಿತು. ಓದಲೆಂದು ನಾನು ಕೈ ಚಾಚಿದರೆ ಕೊಡಲಿಲ್ಲ. ನೇರ ಹೋಗಿ ಸಾಲಿನಲ್ಲಿ ನಿಂತಿದ್ದ ಪಕ್ಕದ ಮನೆಯಾಕೆಯ ಕೈಗಿಟ್ಟಳು.

"ಫ್ಯಾಟು ನಾಕು ಪಾಯಿಂಟು ಎಲ್ಡು" ಎಂದು ಓದಿದಳು ಆಕೆ, ತಲೆ ಎತ್ತದೆ.

"ಇನ್ನೊಂದ್ಸಲ ಓದವ್ವ" ಎಂದಳು ಅವ್ವ. "ಆ ಕಡೇವ್ರಿಗೆ ಕೇಳಿಸ್ನಿಲ್ಲ."