ದ್ವಾರಸಮುದ್ರಕ್ಕೆ ಇಳಿದ ಹಡಗು

ಬೇಲೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಸದಾಗಿ ಒಂದು ಮರಗೆಲಸದ ಅಂಗಡಿ ಶುರುವಾಗಿದೆ. ಮೊನ್ನೆ ಶಾಲೆ ಮುಗಿಸಿ ಅತ್ತ ಹಾದು ಬರುವಾಗ ಆಗಷ್ಟೇ ಕೊಯ್ದ ಹಾಲವಾಣದ ವಾಸನೆ ಬಂತು. ಹಾಲವಾಣ ನಿಮಗೂ ಗೊತ್ತಿರಬೇಕು. ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸುವ, ಕೆಂಪು ಹೂವಿನ, ಮುಳ್ಳು ಮೈಯ ಮರ. ಒಲೆಗೂ ಆಗದು, ಬಾಗಿಲಿಗೂ ಆಗದು ಎಂದು ಅದನ್ನು ಹಳಿಯುವವರೇ ಹೆಚ್ಚು. ಆದರೆ ಹಗುರ, ನೀರಿಗೆ ಹಾಕಿದರೆ ಹಾಯಾಗಿ ತೇಲುತ್ತದೆ. ನಾನು ಅಂಗಡಿಯ ಮುಂದೆ ಹಾಗೇ ನಿಂತುಬಿಟ್ಟೆ. ಬಡಗಿ ಏನು ಬೇಕೆಂದು ಕೇಳಿದ. ಏನೂ ಬೇಕಿರಲಿಲ್ಲ. ಈ ಮರದಲ್ಲಿ ನಾವೊಮ್ಮೆ ಯುದ್ಧನೌಕೆ ಕಟ್ಟಿದ್ದೆವಪ್ಪ ಎನ್ನಲು ನಾಚಿಕೆಯಾಯಿತು. ನಿಮ್ಮೆದುರು ಆ ನಾಚಿಕೆಯಿಲ್ಲ.

ನಾವು ಎಂದರೆ ನಾನು, ನನ್ನ ಸೋದರಮಾವ ಮತ್ತು ಅತ್ತೆ. ಮಾವ ನೌಕಾಪಡೆಯ ಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದು, ನಿವೃತ್ತರಾಗಿ ಅರಸೀಕೆರೆಗೆ ಬಂದು ತೆಂಗಿನ ತೋಟ ನೋಡಿಕೊಂಡಿದ್ದವರು. ರೈಲು ಬಿಟ್ಟರೆ ಬೇರೇನೂ ಕೂಗದ ಆ ಊರಿನಲ್ಲಿ ಕೂತು ಹಡಗಿನ ಮಾತಾಡಲು ಅವರಿಗೆ ಸಿಕ್ಕುತ್ತಿದ್ದವನು ನಾನೊಬ್ಬನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ನನಗೆ ಅರ್ಥವಾಗುತ್ತದೆಂದು ಅವರು ನಂಬಿದ್ದರು. ಆ ನಂಬಿಕೆಯನ್ನು ಕೆಡಿಸಲು ನಾನೂ ಹೋಗಲಿಲ್ಲ.

ಅವರ ಮನಸ್ಸಿನಲ್ಲಿ ಒಂದು ಹಡಗಿತ್ತು. ಈಗ ಯಾವ ದೇಶವೂ ಕಟ್ಟದ, ಕಟ್ಟುವ ಅಗತ್ಯವೂ ಇಲ್ಲದ ಹಡಗು. ಬ್ಯಾಟಲ್‌ ಕ್ರೂಸರ್ ಎನ್ನುತ್ತಿದ್ದರು. ದೊಡ್ಡ ಯುದ್ಧನೌಕೆಯ ಫಿರಂಗಿ, ಸಣ್ಣ ಹಡಗಿನ ವೇಗ. ಎರಡೂ ಬೇಕೆಂದರೆ ಎಲ್ಲೋ ಭಾರ ಇಳಿಸಬೇಕಲ್ಲ, ಅದಕ್ಕೆ ಮೈಗೆ ತೊಡಿಸುವ ಉಕ್ಕಿನ ಕವಚ ತೆಳು. ಹಿಂದಿನ ಕಾಲದ ಯುದ್ಧಗಳಲ್ಲಿ ಇಂಥ ಹಡಗುಗಳು ಓಡಿ ಗೆದ್ದದ್ದೂ ಉಂಟು, ಪೆಟ್ಟು ತಿಂದು ಕ್ಷಣದಲ್ಲಿ ಮುಳುಗಿದ್ದೂ ಉಂಟು. ಇವತ್ತಿನ ಎಂಜಿನ್ ಹಾಕಿ ಹೊಸದಾಗಿ ಕಟ್ಟಿದರೆ ಹೇಗಿರಬೇಕೆಂಬುದೇ ಮಾವನ ಯೋಚನೆ. ಭಾನುವಾರ ನಾನು ಹೋದಾಗಲೆಲ್ಲ ಅದು ಬಾಯಲ್ಲೇ ಒಂದಿಷ್ಟು ಬೆಳೆಯುತ್ತಿತ್ತು. ಅತ್ತೆ ಮಾತ್ರ, ಇರೋ ಪಂಪ್‌ಸೆಟ್ಟು ಕೆಟ್ಟು ಕೂತಿರುವಾಗ ಇಲ್ಲದ ಹಡಗಿಗೆ ಎಂಜಿನ್ ಹುಡುಕುವ ಗಂಡಸರ ಬಗ್ಗೆ ತಮಗೆ ತೋಚಿದ್ದನ್ನು ಹೇಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮಾವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಸೋತಿತ್ತು, ಮಾತು ಹೋಗಿತ್ತು. ಪೂರ್ತಿ ಹೋಗಿತ್ತು ಅನ್ನುವಂತಿಲ್ಲ, ಒಂದೇ ಒಂದು ಮಾತು ಉಳಿದಿತ್ತು: ‘ಬ್ಯಾಡ’. ಕಾಫಿಗೂ ಬ್ಯಾಡ, ಫ್ಯಾನಿಗೂ ಬ್ಯಾಡ, ಬಂದವರಿಗೂ ಬ್ಯಾಡ. ಬೇಕೆಂದಾಗಲೂ ಬಾಯಲ್ಲಿ ಬರುತ್ತಿದ್ದುದು ಅದೇ. ಕಣ್ಣಿನಲ್ಲಿ ನೀರು ತುಂಬಿಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು.

ಹಾಸನದಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿ ನಮಗೆ ಎರಡು ವಿಷಯ ಹೇಳಿಕಳಿಸಿದ್ದಳು. ಅವರಿಗೆ ಇಷ್ಟವಾದದ್ದರ ಬಗ್ಗೆ ಮಾತಾಡಿಸಿ. ಅವರು ಪದ ಹುಡುಕುವಾಗ ನೀವು ಬಾಯಿ ಹಾಕಬೇಡಿ, ಕಾಯಿರಿ. ಮೊದಲನೆಯದು ಸುಲಭ. ಎರಡನೆಯದು ನನ್ನಂಥವನಿಗೆ ಉಪವಾಸಕ್ಕಿಂತ ಕಷ್ಟ. ಮೇಷ್ಟರ ಜಾತಿಯೇ ಹಾಗೆ. ಪ್ರಶ್ನೆ ಕೇಳುವವರೂ ನಾವೇ, ಹುಡುಗರು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಹೇಳುವವರೂ ನಾವೇ.

ಮುಂದಿನ ಭಾನುವಾರ ನಾನೊಂದು ದೊಡ್ಡ ಡ್ರಾಯಿಂಗ್ ಹಾಳೆ ತೆಗೆದುಕೊಂಡು ಹೋದೆ. ಮಂಚದ ಪಕ್ಕ ಹರಡಿ, ಮಾವ, ನಿಮ್ಮ ಹಡಗು ಬರೆಯೋಣ ಎಂದೆ. ಬ್ಯಾಡ ಎಂದರು. ನಾನು ಬರೆದೆ. ಎಮ್ಮೆಯಂಥದ್ದೊಂದು ಹಡಗು, ಸುತ್ತ ಕೋಟೆಯಂಥ ಕವಚ. ಮಾವ ಅದನ್ನು ನೋಡಿ, ಎಡಗೈಯ ಬೆರಳನ್ನು ಕವಚದ ಮೇಲಿಟ್ಟು ಇನ್ನೊಮ್ಮೆ ‘ಬ್ಯಾಡ’ ಎಂದರು. ಈ ಸಲದ ಬ್ಯಾಡದಲ್ಲಿ ಸಿಟ್ಟಿತ್ತು. ಅಳಿಸಿ ತೆಳ್ಳಗೆ ಮಾಡಿದೆ. ಫಿರಂಗಿ ಹೆಚ್ಚು ಹಾಕಿದೆ, ಬ್ಯಾಡ. ಮೂತಿ ಮೊಂಡು ಮಾಡಿದೆ, ಬ್ಯಾಡ. ಬೇಕೆಂದೇ ತಪ್ಪು ಬರೆದೆ ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ, ಆದರೆ ಅರ್ಧ ತಪ್ಪುಗಳು ನನ್ನ ಸಹಜ ಅಜ್ಞಾನದವು. ಹೀಗೆ ವಾರ ವಾರ ಬೇಡದ್ದೆಲ್ಲ ಅಳಿಸಿಹೋಗಿ, ಈಚಲ ಗರಿಯಂಥ ಉದ್ದನೆಯ, ಚೂಪಾದ ಹಡಗೊಂದು ಹಾಳೆಯ ಮೇಲೆ ಉಳಿಯತೊಡಗಿತು. ನಡುನಡುವೆ ಹೊಸ ಪದಗಳು ಬಂದವು. ಮೊದಲು ‘ಭಾರ’ ಬಂತು, ಆಮೇಲೆ ‘ಹಿಂದೆ’, ‘ಬೆಂಕಿ’. ಒಂದೊಂದಕ್ಕೂ ಅವರು ಬೆವರುತ್ತಿದ್ದರು. ನಾನು ತುಟಿ ಕಚ್ಚಿಕೊಂಡು ಕೂರುತ್ತಿದ್ದೆ.

ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅತ್ತೆ ಹಾಳೆಯತ್ತ ಬಗ್ಗಿ ನೋಡಿದರು.

“ಗೋಡೆ ಇಷ್ಟು ತೆಳ್ಳಗೈತಲ್ಲ, ಗುಂಡು ಬಿದ್ರೆ ಒಳಗಿರೋರ ಗತಿ ಏನು?” ಎಂದರು.

ನನ್ನನ್ನು ಕೇಳಿದ್ದಲ್ಲ, ಗಂಡನನ್ನು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು: ವೇಗವೇ ಅದರ ಕವಚ, ಗುಂಡು ತಾಗುವ ಮೊದಲೇ ದೂರ ಹೋಗಿರುತ್ತದೆ. ಹಿಂದೆಲ್ಲ ಮಾವ ಹೇಳುತ್ತಿದ್ದುದೂ ಅದನ್ನೇ. ಅತ್ತೆ ನನ್ನ ಮೊಣಕೈ ಒತ್ತಿ ಸುಮ್ಮನಿರಿಸಿದರು. ಮಾವ ಹಾಳೆಯನ್ನು ಬಹಳ ಹೊತ್ತು ನೋಡಿದರು. ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು. ಬೆರಳು ಹಡಗಿನ ಹಿಂಭಾಗದ ಫಿರಂಗಿಯ ಮೇಲೆ ಹೋಗಿ ನಿಂತಿತು.

“ಇದು ತೆಗಿ,” ಎಂದರು. ಇನ್ನಷ್ಟು ಹೊತ್ತಾಯಿತು. “ದೋಣಿ ಇಡು. ಎಲ್ರಿಗೂ.”

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಲಕ್ವ ಹೊಡೆದ ಮೇಲೆ ಮಾವ ಜೋಡಿಸಿ ಆಡಿದ ಮೊದಲ ಮಾತು ಅದು. ಅವರು ಎಷ್ಟೋ ವರ್ಷದಿಂದ ಬಿಟ್ಟುಕೊಡದ ಫಿರಂಗಿಯೊಂದನ್ನು ಹೆಂಡತಿಯ ಪ್ರಶ್ನೆಗೆ ಬಿಟ್ಟುಕೊಟ್ಟಿದ್ದರು. ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕಾಫಿ ತಂದು, ಹಾಗಾದರೆ ಅಡುಗೆಮನೆ ಎಲ್ಲಿ ಬರುತ್ತದೆ ಎಂದು ಕೇಳಿದರು. ಅವತ್ತಿನಿಂದ ನಾವು ಮೂವರಾದೆವು.

ಬರೆದದ್ದನ್ನು ನೀರಿಗೆ ಇಳಿಸಬೇಕೆಂಬ ಹಟ ಅತ್ತೆಯದೇ. ಬಿಕ್ಕೋಡಿನ ಕಡೆ ತೋಟವಿರುವ ಸಹೋದ್ಯೋಗಿಯೊಬ್ಬರು ಹಾಲವಾಣದ ತುಂಡು ಕೊಟ್ಟರು. ಕೆತ್ತಿದವನು ನಾನು, ಬೆರಳು ಕೊಯ್ದುಕೊಂಡವನೂ ನಾನೇ. ಆಟಿಕೆ ಕಾರಿನ ಮೋಟಾರು, ಸೆಲ್ಲು, ನೀರು ತಳ್ಳುವ ತಗಡಿನ ರೆಕ್ಕೆ ಕೂಡಿಸಿದೆ. ಮಾವ ಎಡಗೈಯಲ್ಲಿ ಉಪ್ಪುಕಾಗದ ಹಿಡಿದು ಅದರ ಮೈಯನ್ನು ಉಜ್ಜಿ ಉಜ್ಜಿ ನುಣುಪು ಮಾಡಿದರು. ಸೋತ ಬಲಗೈಯನ್ನು ಎಡಗೈಯಿಂದಲೇ ಎತ್ತಿ ಹಡಗಿನ ಮೇಲಿಟ್ಟುಕೊಂಡಿದ್ದರು. ಒಂದು ದಿನ ಅದೂ ಹಡಗನ್ನು ಒತ್ತಿ ಹಿಡಿಯಲು ಶುರುಮಾಡಿತು.

ನಮ್ಮ ಕಡೆ ಸಮುದ್ರವೆಂದರೆ ಹಳೇಬೀಡಿನ ಕೆರೆ. ಹೆಸರೇ ದ್ವಾರಸಮುದ್ರ, ಇನ್ನೇನು ಬೇಕು. ಕಾರು ಮಾಡಿಕೊಂಡು ಜಾವಗಲ್ ಮೇಲೆ ಹೋದೆವು. ದೇವಸ್ಥಾನಕ್ಕೆ ಬಂದವರೆಲ್ಲ ಶಿಲ್ಪ ನೋಡುತ್ತಿದ್ದರೆ ನಾವು ಬೆನ್ನು ತಿರುಗಿಸಿ, ಮಾವನನ್ನು ಕೈಹಿಡಿದು ನೀರಿನ ಅಂಚಿಗೆ ನಡೆಸಿದೆವು. ಹಡಗು ನೀರಿಗೆ ಇಳಿದದ್ದೇ ಪಕ್ಕಕ್ಕೆ ವಾಲಿ ಮಲಗಿತು. ನನ್ನ ಮುಖ ಸಪ್ಪಗಾಯಿತು. ಮಾವ ನಗುತ್ತಿದ್ದರು. ಹಡಗಿನ ಹೊಟ್ಟೆಯ ಕಡೆ ಕೈ ತೋರಿಸಿ, “ತಳಕ್ಕೆ ಭಾರ,” ಎಂದರು. ಜೀವಮಾನವೆಲ್ಲ ಭಾರ ಬೇಡವೆಂದವರು! ಅತ್ತೆ ಎಲೆಯಡಿಕೆ ಚೀಲಕ್ಕೆ ಕೈಹಾಕಿ ಪುಟ್ಟ ಅಡಕತ್ತರಿ ತೆಗೆದುಕೊಟ್ಟರು. ಹಡಗಿನ ಹೊಟ್ಟೆಯೊಳಗೆ ಅದನ್ನಿಟ್ಟು ಕಟ್ಟಿದೆ. ಹಡಗು ನೆಟ್ಟಗೆ ನಿಂತಿತು.

ಮೋಟಾರು ಚಾಲೂ ಮಾಡಿ ಬಿಟ್ಟೆ. ಓಡಿತು ನೋಡಿ! ಮಾವ ಹೇಳಿದಂತೆಯೇ ನೀರು ಸೀಳಿಕೊಂಡು, ನೇರವಾಗಿ, ಕೆರೆಯ ನಡುವಿಗೆ. ಅದನ್ನು ಹಿಂದಕ್ಕೆ ಕರೆಯುವ ಉಪಾಯವನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ಅದು ಚುಕ್ಕೆಯಾಗಿ, ಆಚೆ ದಡದ ಜೊಂಡಿನ ಕಡೆ ಕಾಣದಾಯಿತು.

“ನನ್ನ ಅಡಕತ್ತರಿ ಹೋಯ್ತಲ್ರೀ,” ಎಂದರು ಅತ್ತೆ.

ಮಾವ ಅವರ ಕಡೆ ತಿರುಗಿದರು. ನಾವಿಬ್ಬರೂ ಕಾದೆವು.

“ಬ್ಯಾರೆ ಕೊಡಿಸ್ತೀನಿ ಕಣೇ,” ಎಂದರು.

ವಾಪಸ್ಸು ಬರುವಾಗ ಅತ್ತೆ ಅರಸೀಕೆರೆ ಬರುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು. ಅವರ ಒಂದು ಕೈ ಮಾವನ ಬಲಗೈಯ ಮೇಲಿತ್ತು.

ಆಮೇಲೆ ಮಾತು ನಿಧಾನವಾಗಿ, ಒಂದೊಂದಾಗಿ ಬಂತು. ಆದರೆ ಫೋನಿನಲ್ಲಿ ಮಾತ್ರ ಮಾವನಿಗೆ ಧೈರ್ಯ ಸಾಲುತ್ತಿರಲಿಲ್ಲ. ಎದುರಿನವರ ಮುಖ ಕಾಣದಿದ್ದರೆ ಪದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಫೋನನ್ನು ಅತ್ತೆಗೆ ಕೊಟ್ಟುಬಿಡುತ್ತಿದ್ದರು.

ನಿನ್ನೆ ಸಂಜೆ ನಾನು ಬಸ್ಸಿನಲ್ಲಿದ್ದಾಗ ಅವರ ನಂಬರಿನಿಂದ ಕರೆ ಬಂತು. ಎತ್ತಿದೆ. ಆ ಕಡೆ ಬರೀ ಉಸಿರು. ಏನಾಯಿತೋ ಎಂದುಕೊಂಡೆ. ಆದರೂ ಹಲೋ ಹಲೋ ಎಂದು ಕೂಗಲಿಲ್ಲ, ಕಾದೆ.

“ಬೇಲೂರಲ್ಲಿ ಮಳೆ ಬಂತೇನ್ಲಾ?” ಎಂದರು ಮಾವ.

ಅಷ್ಟೇ. ತುರ್ತಿಲ್ಲ, ಕೆಲಸವಿಲ್ಲ, ಹಡಗಿನ ಸುದ್ದಿಯೂ ಅಲ್ಲ. ಮಾತಾಡಬೇಕೆನ್ನಿಸಿ ಆಡಿದ ಮಾತು. ಇಲ್ಲಿ ಹನಿಯಷ್ಟೇ ಮಾವ, ಅಲ್ಲಿ ಹೇಗೆ ಎಂದು ಕೇಳಿ, ಫೋನನ್ನು ಕಿವಿಗೆ ಒತ್ತಿಕೊಂಡು ಸೀಟಿಗೆ ಒರಗಿದೆ. ಅವರು ತಡೆತಡೆದು, ನಡುನಡುವೆ ನಿಂತು, ಅರಸೀಕೆರೆಯ ಮಳೆಯ ಸುದ್ದಿಯನ್ನು ಪೂರ್ತಿ ಹೇಳಿದರು.