ಕೀಳದೆ ಉಳಿಸಿದ ಬೆಂಡಿ ಗಿಡ

ಬೆಳಿಗ್ಗೆ ಆರೂವರೆಗೆ ರಾಯಚೂರಿನಲ್ಲಿ ಮಾನ್ವಿ ಬಸ್ಸು ಹತ್ತಿದೆ. ಒಂದು ಕಾಲದಲ್ಲಿ ವಾರಕ್ಕೆ ಮೂರು ಸಲ ಓಡಾಡಿದ ದಾರಿ ಇದು. ಹೊಸ ಬೆಂಡೆ ತಳಿಗಳನ್ನು ರೈತರ ಹೊಲದಲ್ಲಿ ಹಾಕಿಸಿ ನೋಡುವುದು ನನ್ನ ನೌಕರಿಯಾಗಿತ್ತು. ಈಗ ಹೆಂಗಸರಿಗೆ ಟಿಕೆಟ್ ಇಲ್ಲ, ಬಸ್ಸು ತುಂಬಿ ತುಳುಕುತ್ತಿತ್ತು. ನಾನು ಕುಂಟುವುದನ್ನು ನೋಡಿ ಒಬ್ಬಾಕೆ, “ಕುಂದರ್ರಿ ಯಪ್ಪಾ” ಎಂದು ಸೀಟು ಬಿಟ್ಟಳು. ಇಷ್ಟು ಮುದುಕನಾದೆನೇ ಎಂದು ಸಿಟ್ಟು ಬಂತು. ಆದರೂ ಕೂತೆ.

ಮಾನ್ವಿಯಲ್ಲಿ ಸುಜಾತಾ ಕಾಯುತ್ತಿದ್ದಳು. ದೇವದುರ್ಗದ ಕಡೆ ನಾನು ಕೊಟ್ಟ ತಳಿ ಬೆಳೆದ ಹುಲಿಗೆಮ್ಮನ ಮಗಳು, ಇಲ್ಲಿ ಶಾಲೆಯಲ್ಲಿ ಟೀಚರ್. ನಾನು ಮೊದಲು ಕಂಡಾಗ ಅವ್ವನ ಸೆರಗು ಹಿಡಿದು ನಿಲ್ಲುತ್ತಿದ್ದ ಕೂಸು. ಮೂರು ವಾರದ ಹಿಂದೆ ಫೋನ್ ಮಾಡಿ ಕರೆದಿದ್ದಳು. ಮೊಣಕಾಲಿನ ನೆವ ಹೇಳಿ ನಾನೇ ಮುಂದೂಡಿದ್ದೆ. ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಕೊಡಿಸಿ ಹೇಳಿದಳು:

“ಮೊದಲು ಒಂದೇ ಗಿಡ ಹಳದಿ ಆಗಿತ್ತ್ರಿ ಸರ್. ಕಿತ್ತು ಒಗಿ ಅಂದ್ರ ಅವ್ವ ಕೇಳವಲ್ಲಳು. ಈಗ ಹೊಲ ಪೂರಾ ಹಬ್ಬಾಕತ್ತದ. ಬೀಜದ ಸಾಲೂ ಅಲ್ಲೇ ಅದ. ಅದೂ ಹೋದ್ರ ಮುಂದಿನ ವರ್ಷ ಬಿತ್ತಾಕ ಏನೂ ಉಳಿಯಂಗಿಲ್ಲ.”

“ಯಾಕ ಒಲ್ಲಳಂತ?”

“ನೀವೇ ಕೇಳ್ರಿ.”

ಸುಜಾತಾ ಶಾಲೆಗೆ ಹೋದಳು. ದೇವದುರ್ಗದ ಬಸ್ಸಿನಲ್ಲಿ ಒಬ್ಬನೇ ಕೂತಾಗ ಹಳೆಯದೆಲ್ಲ ನೆನಪಾಯಿತು. ಇಪ್ಪತ್ತು ವರ್ಷಗಳ ಹಿಂದೆ ಹುಲಿಗೆಮ್ಮನ ಹೊಲಕ್ಕೆ ಈ ಬೆಂಡೆ ತಳಿಯ ಬೀಜ ಒಯ್ದವನು ನಾನೇ. ಹಳದಿ ರೋಗ ಬಂದರೆ ಎಲೆಯ ನರ ಹಳದಿಯಾಗಿ ಕಾಯಿ ಬಿಳಚಿಕೊಳ್ಳುತ್ತದೆ. ಬಿಳಿನೊಣ ಗಿಡದಿಂದ ಗಿಡಕ್ಕೆ ಒಯ್ಯುವ ವೈರಸ್ ಅದು. ಈ ತಳಿಗೆ ಮಾತ್ರ ತಟ್ಟುತ್ತಿರಲಿಲ್ಲ. ಊರೆಲ್ಲ ಅದನ್ನೇ ಬಿತ್ತಿತು, ನಾನು ಮೀಸೆ ತಿರುವಿಕೊಂಡು ತಿರುಗಿದೆ. ಆದರೆ ವೈರಸ್ ಸುಮ್ಮನೆ ಕೂರುವುದಿಲ್ಲ. ತನ್ನ ನಕಲು ಮಾಡುವಾಗ ತಪ್ಪುತ್ತದೆ, ಒಂದೇ ಗಿಡದಲ್ಲಿ ಇನ್ನೊಂದು ಬಗೆಯ ವೈರಸ್ ಸಿಕ್ಕರೆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಅಂಥ ಸಾವಿರಾರು ತಪ್ಪುಗಳಲ್ಲಿ ಒಂದಾದರೂ ಈ ತಳಿಯ ತಡೆ ದಾಟಿದರೆ ಸಾಕು. ಎಲ್ಲೆಲ್ಲೂ ಒಂದೇ ತಳಿ ಇದ್ದರೆ ಊರಿಗೆ ಊರೇ ಅದರ ಊಟ. ಇದು ನನಗೆ ಆಗಲೇ ಗೊತ್ತಿತ್ತು. ಹೇಳಲಿಲ್ಲ.

ದೇವದುರ್ಗದಿಂದ ಆಟೋ. ಆಗ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ, ಹುಲಿಗೆಮ್ಮ ಬಿಸಿ ರೊಟ್ಟಿ, ಬೆಂಡಿ ಪಲ್ಯ ಹಾಕುತ್ತಿದ್ದಳು. ಅಯ್ಯೋ, ಆ ಪಲ್ಯ! ಈಗ ಆಕೆಯ ತಲೆ ಪೂರ್ತಿ ಬೆಳ್ಳಗಾಗಿತ್ತು. “ಬರ್ರಿ ಸಾಹೇಬ್ರ, ಕಡೀಗೂ ಬಂದ್ರಿ” ಎಂದು ನೀರು ಕೊಟ್ಟು, ಕೂರಲೂ ಬಿಡದೆ ಹೊಲಕ್ಕೆ ನಡೆಸಿದಳು.

ಹೊಲದ ನಡುವೆ ಒಂದು ಕುಳ್ಳ ಗಿಡ, ಎಲೆಯೆಲ್ಲ ಹಳದಿ. ಅದಕ್ಕೆ ಹಳೆ ಸೀರೆಯಿಂದ ಹರಿದ ಕೆಂಪು ಅರಿವೆ ಕಟ್ಟಿತ್ತು.

“ಇದೇ ಮೊದಲನೇದು. ಈ ತಳಿಗಿ ಹಳದಿ ಬಂದ್ರ ಮೊದಲನೇ ಗಿಡ ಕೀಳಬ್ಯಾಡ, ನಾ ಬಂದು ನೋಡ್ತೀನಿ ಅಂದಿದ್ರಿ. ಗುರ್ತಿಗಿ ಅರಿವಿ ಕಟ್ಟಿ ಕಾಯಾಕತ್ತೀನಿ. ಈಗ ಕೀಳ್ಲೇನ್ರಿ?”

ಅಂದಿದ್ದೆ, ನಿಜ. ಆಫೀಸಿಗೆ ಪರೀಕ್ಷೆಗೆಂದು ಎಲೆ ಬೇಕಿತ್ತು, ಅದಕ್ಕೆ ಆ ಒಂದು ಹಂಗಾಮಿಗೆ ಹೇಳಿದ ಮಾತು. ನಾನು ಮರೆತೇಬಿಟ್ಟಿದ್ದೆ. ನನ್ನ ಮಾತು ಕಾಯಲು ಹೋಗಿ ಆಕೆ ಹೊಲವನ್ನೇ ರೋಗಕ್ಕೆ ಕೊಟ್ಟಿದ್ದಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ತಪ್ಪು ನಂದವ್ವಾ” ಎಂದೆ. ಲ್ಯಾಬಿಗೆಂದು ನಾಲ್ಕು ಎಲೆ ಕಾಗದದಲ್ಲಿ ಸುತ್ತಿಕೊಂಡು, ಅರಿವೆ ಬಿಚ್ಚಿ ಆಕೆಯ ಕೈಗಿಟ್ಟು, ಆ ಗಿಡವನ್ನು ನಾನೇ ಕಿತ್ತೆ. ಮಧ್ಯಾಹ್ನದವರೆಗೆ ಇಬ್ಬರೂ ಹಳದಿ ಗಿಡ ಕಿತ್ತು ಚೀಲಕ್ಕೆ ತುಂಬಿದೆವು. ಬೀಜದ ಸಾಲಿನಲ್ಲಿ ಹನ್ನೊಂದು ಗಿಡ ಹಸಿರಾಗಿ ನಿಂತಿದ್ದವು. ಅವು ಉಳಿಯುತ್ತವೆ ಎಂದು ಈ ಸಲ ನಾನು ಮಾತು ಕೊಡಲಿಲ್ಲ.

ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿ. ಬೆಂಡಿ ಪಲ್ಯ ಇರಲಿಲ್ಲ.

ಹೊರಡುವಾಗ ಹೇಳಿದೆ: “ಇನ್ನ ಮ್ಯಾಲ ಊರೆಲ್ಲ ಒಂದೇ ಬೀಜ ಬ್ಯಾಡ, ಎರಡು ಮೂರು ತಳಿ ಹಾಕ್ರಿ. ಹಳದಿ ಕಂಡ ದಿನಾನೇ ಕಿತ್ತು ಒಗೀರಿ. ನನ್ನ ಕಾಯಬ್ಯಾಡ್ರಿ.”

ಹುಲಿಗೆಮ್ಮ ಕೈಯಲ್ಲಿದ್ದ ಅರಿವೆಯನ್ನು ಮಡಚಿದಳು. “ಕಿತ್ತು ಒಗದ್ರ ನೀವ್ಯಾಕ ಬರ್ತೀರಿ?”

“ಪಲ್ಯ ತಿನ್ನಾಕ ಬರ್ತೀನವ್ವಾ.”

“ಆಗ್ಲೂ ಹಿಂಗೇ ಅಂದಿದ್ರಿ” ಎಂದಳು.

ಆಟೋ ಹೊಲದ ಬದಿಯ ಕಾಲುವೆ ದಾಟುವಾಗ ಹಿಂತಿರುಗಿ ನೋಡಿದೆ. ಆಕೆ ಆಗಲೇ ಬೀಜದ ಸಾಲಿಗೆ ಹೋಗಿ, ಒಂದು ಹಸಿರು ಗಿಡಕ್ಕೆ ಆ ಅರಿವೆ ಕಟ್ಟುತ್ತಿದ್ದಳು.