ಸಿಸ್ಟರನ್ನು ಕರೆದ ತಪ್ಪಿಗೆ

ನನ್ನ ತಂಗಿ ರೇಣುಕಾಳ ಕಲಿಕೆ ನಿಂತದ್ದು ಒಂದು ಸೀರೆಯಿಂದ.

ಮದುವೆ ಸೀರೆಯಲ್ಲ, ಗಾಬರಿಯಾಗಬೇಡಿ. ರಬಕವಿಯ ನೇಕಾರರ ಮನೆಯವರು ಖುಷಿಯಿಂದ ತಂದುಕೊಟ್ಟ ಸೀರೆ. ರೇಣುಕಾ ನನ್ನ ಕಾಕಾನ ಮಗಳು. ನಮ್ಮ ಕುರುಬರ ಓಣಿಯಿಂದ ನರ್ಸಿಂಗ್ ಕಲಿಯಲು ಹೋದ ಮೊದಲನೆಯವಳು. ಪುಸ್ತಕದ ಪಾಠ ಮುಗಿದಿತ್ತು, ಪ್ರಾಕ್ಟಿಕಲ್ ಉಳಿದಿತ್ತು. ಅದಕ್ಕೆಂದು ಅವಳ ನರ್ಸಿಂಗ್ ಶಾಲೆಯವರು ಅವಳನ್ನು ನಮ್ಮ ಕಡೆಯ ಒಂದು ಸರಕಾರಿ ಆಸ್ಪತ್ರೆಗೆ ಹಾಕಿದರು. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಈ ನಾಲ್ಕರಲ್ಲಿ ಯಾವ ಊರೆಂದು ಹೇಳುವುದಿಲ್ಲ. (ಹೇಳಿದರೆ ಉಳಿದ ಮೂರೂರಿನವರು ‘ಸದ್ಯ, ನಮ್ಮೂರಲ್ಲ’ ಎಂದು ಪುಟ ತಿರುವಿ ಸಿನಿಮಾ ಸುದ್ದಿಗೆ ಹೋಗುತ್ತೀರಿ. ನನಗೆ ನೀವು ಗೊತ್ತು.)

ಬಂದ ಹೊಸತರಲ್ಲಿ ಅವಳ ಕೈಯಲ್ಲಿ ಆದ ಹೆರಿಗೆಗಳೆಲ್ಲ ಸುಸೂತ್ರ. ಮೇಲಿಂದ ಮೇಲೆ ಗಂಡುಮಕ್ಕಳು. ಇದರಲ್ಲಿ ರೇಣುಕಾಳ ಪಾಲೆಷ್ಟು? ಪಕ್ಕದಲ್ಲಿ ನಿಂತು ‘ಹಿಂಗ ಹಿಡಿ, ಹಂಗ ಬ್ಯಾಡ’ ಎಂದು ತೋರಿಸಿಕೊಟ್ಟವರು ವಾರ್ಡಿನ ದೊಡ್ಡ ಸಿಸ್ಟರ್. ಇನ್ನು ಗಂಡೋ ಹೆಣ್ಣೋ ಎಂಬುದು ತಿಂಗಳುಗಳ ಹಿಂದೆಯೇ ತೀರ್ಮಾನವಾದ ವಿಷಯ. ಆದರೆ ರಬಕವಿಯ ಒಬ್ಬ ಅಜ್ಜಿ ಮೊಮ್ಮಗನ ಮುಖ ನೋಡಿದವಳೇ ಮರುದಿನ ಸೀರೆ ತಂದು ರೇಣುಕಾಳ ಉಡಿಗೆ ಹಾಕಿ, ವಾರ್ಡಿಗೆಲ್ಲ ಕೇಳುವಂತೆ ಸಾರಿಬಿಟ್ಟಳು.

“ಈ ಹುಡುಗೀದು ಕೈಗುಣ ಛಲೋ ಐತಿ ನೋಡ್ರೆವಾ!”

ಮುಗಿಯಿತು. ಸುದ್ದಿ ಬಸ್ಸು ಹತ್ತಿತು. ಗಲಗಲಿಯ ಕಡೆಯವರು, ಮಗ್ಗದ ಓಣಿಯವರು, ಎಲ್ಲರೂ ಬಂದು ಕೇಳತೊಡಗಿದರು: “ಆ ಕೈಗುಣದ ಹುಡುಗಿ ಎಲ್ಲಿ ಅದಾಳ್ರಿ?” ಡಾಕ್ಟರನ್ನು ಯಾರೂ ಕೇಳಲಿಲ್ಲ. (ಡಾಕ್ಟರಿಗೂ ಅದು ಅನುಕೂಲವೇ ಆಯಿತು. ಅವರಿಗೆ ಬಜಾರಿನಲ್ಲಿ ಸ್ವಂತದ ದವಾಖಾನೆ ಇದೆ.)

ಅಂದಿನಿಂದ ದೊಡ್ಡ ಸಿಸ್ಟರ್ ಹೆರಿಗೆ ಕೋಣೆಗೆ ಬರುವುದನ್ನೇ ಬಿಟ್ಟರು. ರೇಣುಕಾ ಕರೆದರೆ ಒಂದೇ ಉತ್ತರ. “ಊರಿಗೂರ ನಿನ್ನ ಹೊಗಳಾಕತ್ತೈತಿ. ಮತ್ತ ನಾ ಯಾಕ ಬೇಕ ನಿನಗ?”

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುತ್ತಿದ್ದ ನಮ್ಮ ಮೇಷ್ಟ್ರು ಹೇಳುತ್ತಿದ್ದರು: ಎದುರಾಳಿಯ ವಾದಕ್ಕೆ ಆಮೇಲೆ ಹೋಗು, ಮೊದಲು ಅವನ ಪದದ ಅರ್ಥ ಕೇಳು. ಕೇಳೋಣ. ಕೈಗುಣ ಅಂದರೇನು? ಹುಟ್ಟಿನಿಂದ ಬರುವುದೇ? ಹಾಗಿದ್ದರೆ ಈ ನರ್ಸಿಂಗ್ ಶಾಲೆಗಳೆಲ್ಲ ಏಕೆ? ಬಾಗಿಲು ಹಾಕಿ, ಹುಟ್ಟುವ ಕೂಸುಗಳ ಅಂಗೈ ನೋಡಿ ನೇಮಕ ಮಾಡಿಕೊಳ್ಳಿ. ಕಲಿತು ಬರುವುದೇ? ಹಾಗಿದ್ದರೆ ಕಲಿಸುವವರು ಎಲ್ಲಿ? ಈ ಎರಡು ಪ್ರಶ್ನೆಗಳ ನಡುವೆ ಕೈಗುಣಕ್ಕೆ ನಿಲ್ಲಲು ಜಾಗವಿಲ್ಲ. ಅದು ಕಲಿಯುವವಳಿಗೆ ಕೊಟ್ಟ ಬಿರುದು ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಕಲಿಸುವವರಿಗೆ ಕೊಟ್ಟ ರಜೆ.

(‘ಸಣ್ಣ ವಯಸ್ಸಿನವ, ಎಲ್ಲದಕ್ಕೂ ತಕರಾರು’ ಎಂದು ಕೆಲವು ಓದುಗರು ಈಗಾಗಲೇ ಗೊಣಗುತ್ತಿರಬಹುದು. ತಕರಾರು ಇನ್ನೂ ಶುರುವಾಗಿಲ್ಲ, ತಾಳಿ.)

ನಿಯಮ ಏನು ಹೇಳುತ್ತದೆ? ಕಲಿಯುವ ಹುಡುಗಿ ಅನುಭವಸ್ಥರ ಮೇಲ್ವಿಚಾರಣೆಯಲ್ಲೇ ಹೆರಿಗೆ ಮಾಡಿಸಬೇಕು. ಶಾಲೆಯ ಟ್ಯೂಟರ್ ಮೇಡಮ್ಮು ಆಗಾಗ ಬಂದು ನೋಡಬೇಕು. ಮೇಡಮ್ಮು ರೇಣುಕಾಳನ್ನು ಬಿಟ್ಟುಹೋಗಲು ಬಂದವರು ಚಹಾ ಕುಡಿದು ಸಂಜೆಯ ಬಸ್ಸು ಹಿಡಿದರು, ಮತ್ತೆ ಬರಲಿಲ್ಲ. ದೊಡ್ಡ ಸಿಸ್ಟರ್ ಇದ್ದರು. ಅಂದರೆ, ಅವರ ಕುರ್ಚಿಗೆ ಅವರ ವ್ಯಾನಿಟಿ ಬ್ಯಾಗು ತೂಗುಬಿದ್ದಿರುತ್ತಿತ್ತು. ಆ ಆಸ್ಪತ್ರೆಯಲ್ಲಿ ಬ್ಯಾಗು ಇದೆಯೆಂದರೆ ಸಿಸ್ಟರ್ ಇದ್ದಾರೆಂದೇ ಲೆಕ್ಕ. ನನ್ನ ತಂಗಿ ಬ್ಯಾಗಿನ ಮೇಲ್ವಿಚಾರಣೆಯಲ್ಲಿ ಹೆರಿಗೆ ಮಾಡಿಸುತ್ತಿದ್ದಳು.

ಆ ದಿನ ಮಧ್ಯಾಹ್ನ ನಾನು ಬುತ್ತಿ ಒಯ್ದಿದ್ದೆ. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ರಬಕವಿಯದೇ ಇನ್ನೊಂದು ಮನೆಯವರು ಕೂತಿದ್ದರು: ಒಳಗಿದ್ದ ಹೆಣ್ಣುಮಗಳ ಅತ್ತೆ, ಗಂಡ. ಗಂಡ ಪಾವರ್‌ಲೂಮಿನಿಂದ ಎದ್ದು ನೇರ ಬಂದಿದ್ದ. ತಲೆಗೂದಲ ತುಂಬ ನೂಲಿನ ಧೂಳು. ಕೈಗುಣದ ಹುಡುಗಿಯನ್ನೇ ಹುಡುಕಿಕೊಂಡು ಬಂದವರು.

ಕೂಸು ಅತ್ತ ಸದ್ದಾಯಿತು. ಆಯಾ ಹೊರಗೆ ಬಂದು “ಹೆಣ್ಣ” ಎಂದಳು.

“ಹೆಣ್ಣ?” ಎಂದಳು ಅತ್ತೆ. “ಖರೇನ?”

“ಸುಳ್ಳ ಹೇಳಿ ನನಗೇನ್ ಬರೂದೈತ್ರಿ? ಬಾಯಿ ಮುಚ್ರಿ. ಮಾಸ ಇನ್ನೂ ಬಿದ್ದಿಲ್ಲ, ರಕ್ತ ಬಾಳ ಹೋಗಾಕತ್ತೈತಿ. ಸಿಸ್ಟರ್ ಎಲ್ಲೆದಾರ?”

ಕೂಸಿನ ಹಿಂದೆಯೇ ಬರಬೇಕಾದ ಮಾಸು ಒಳಗೇ ಉಳಿದಿತ್ತು. ಸಿಸ್ಟರ್ ಎಲ್ಲಿದ್ದರು? ಹಿಂದಿನ ಕೋಣೆಯಲ್ಲಿ, ಮರುದಿನದ ಸಂತಾನಹರಣ ಆಪರೇಷನ್ ಕ್ಯಾಂಪಿನ ತಯಾರಿಯಲ್ಲಿ. ಆಯಾ ಓಡಿದಳು, ಓಡುತ್ತಲೇ ತಿರುಗಿ ಬಂದಳು. ಬಾಗಿಲಲ್ಲೇ ನಿಂತು ಒಳಗೆ ಹೇಳಿದಳು: “ನಿನ್ನ ಕೈಗುಣ ಛಲೋ ಐತೆಲ್ಲ, ನೀನ ತಗಿ ಅಂದ್ರು.”

ಅತ್ತೆಯೂ ದನಿಗೂಡಿಸಿದಳು. “ಹೌದ ನನ್ನವ್ವಾ, ನೀ ಒಂದೀಟ ಕೈ ಹಚ್ಚು. ಬರ್ತೈತಿ.”

ಒಳಗಿನಿಂದ ರೇಣುಕಾಳ ದನಿ ಬಂತು. ನನ್ನ ತಂಗಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನನಗೆ ಗೊತ್ತಿರಲಿಲ್ಲ.

“ಸಿಸ್ಟರ್! ನಾ ಒಬ್ಬಾಕಿ ಕೈ ಹಾಕೂದಿಲ್ರಿ! ನೀವು ಬಂದು ನಿಂದರ್ರಿ!”

ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದಳು. ಈ ಸಲ ಓಪಿಡಿ ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು, ಹೊರಗೆ ಕಬ್ಬಿನ ಹಾಲಿನ ಗಾಡಿಯವನು ಗಾಣ ನಿಲ್ಲಿಸಿದ. ಆಗ ಸಿಸ್ಟರ್ ಸಿಡಿಮಿಡಿಗೊಳ್ಳುತ್ತ ಬಂದರು. ಒಳಗೆ ಹೋದರು. ಸಿಡಿಮಿಡಿ ಅಲ್ಲಿಗೇ ನಿಂತಿತು. ಮರುಕ್ಷಣ ಅವರ ದನಿಯೇ ಬೇರೆ: “ಬಾಟ್ಲಿ ಏರ್ಸು. ಹೊಟ್ಟಿ ಹಿಡಿ, ಬಿಡಬ್ಯಾಡ. ಏ, ಯಾರಲ್ಲಿ, ಡಾಕ್ಟರ್‌ಗೆ ಹೇಳಿ ಕಳಸ್ರಿ!”

ಡಾಕ್ಟರು ಬಜಾರಿನಿಂದ ಬಂದರು, ನೋಡಿದರು, “ಮಿರಜಕ್ಕ ಒಯ್ಯಿರಿ” ಎಂದರು. ದೊಡ್ಡ ಆಸ್ಪತ್ರೆಗಳಿರುವ ಮಿರಜ ಮಹಾರಾಷ್ಟ್ರದ ಗಡಿಯಾಚೆ. ಆಸ್ಪತ್ರೆಯ ಜೀಪು ಇಂಜಿನ್ ಬಿಚ್ಚಿಕೊಂಡು ಬೇವಿನ ಗಿಡದ ಕೆಳಗೆ ಮಲಗಿತ್ತು. ಒಬ್ಬ ಸೀರೆ ವ್ಯಾಪಾರಿಯ ಮೆಟಾಡೋರ್ ಸಿಕ್ಕಿತು. ಗಂಟುಗಳನ್ನು ರಸ್ತೆಗೆ ಇಳಿಸಿ ಆ ಹೆಣ್ಣುಮಗಳನ್ನು ಮಲಗಿಸಿದರು. ಸಲೈನ್ ಬಾಟಲಿ ಎತ್ತಿ ಹಿಡಿದು ಸಿಸ್ಟರೇ ಜೊತೆಗೆ ಹೋದರು. ಅದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ತಾಯಿ ಉಳಿದಳು, ಕೂಸೂ ಉಳಿಯಿತು. ಮಿರಜದ ಡಾಕ್ಟರು ಗಂಡನಿಗೆ ಮರಾಠಿಯಲ್ಲಿ ಹೇಳಿದರಂತೆ: ಗೊತ್ತಿಲ್ಲದವರು ಯಾರೂ ಕೈ ಹಾಕಿ ಜಗ್ಗಲಿಲ್ಲ, ಅದಕ್ಕೇ ಉಳಿದಿದ್ದಾಳೆ.

ಈಗ ಹೇಳಿ, ರೇಣುಕಾಗೆ ಏನು ಸಿಗಬೇಕು?

ಸಿಕ್ಕದ್ದು ಇದು. ಫೇಲ್. ವಾರ್ಡಿನಲ್ಲಿ ಗದ್ದಲ ಮಾಡಿದಳು, ಜನರನ್ನು ಗಾಬರಿಪಡಿಸಿದಳು, ಧೈರ್ಯ ಸಾಲದು ಎಂದು ಆಸ್ಪತ್ರೆಯಿಂದ ಶಾಲೆಗೆ ವರದಿ ಹೋಯಿತು. ಪ್ರಾಕ್ಟಿಕಲ್ಲನ್ನು ಮೊದಲಿನಿಂದ ಮಾಡಬೇಕು, ಅದೇ ಆಸ್ಪತ್ರೆಯಲ್ಲಿ, ಅದೇ ಸಿಸ್ಟರ ಕೈಕೆಳಗೆ. ಈ ಸಲವೂ ಫೇಲಾದರೆ ಸರ್ಟಿಫಿಕೇಟಿನ ಆಸೆ ಬಿಟ್ಟು ಮನೆಗೆ ಬರಬೇಕು. ಮನೆಯಲ್ಲಿ ಗಂಡು ನೋಡಿಟ್ಟಿದ್ದಾರೆ.

ರಬಕವಿಯ ತೀರ್ಪು ಇನ್ನೂ ಚಿಕ್ಕದು. “ಆಕಿ ಕೈಗುಣ ಹೋತು. ಹೆಣ್ಣ ಹುಟ್ತು, ಮ್ಯಾಲ ಮಿರಜ.”

ನಾನು ಸುಮ್ಮನಿರುವ ಪೈಕಿಯೇ? ಬಸ್ಸು ಹತ್ತಿ ನರ್ಸಿಂಗ್ ಶಾಲೆಗೆ ಹೋದೆ. ಟ್ಯೂಟರ್ ಮೇಡಮ್ಮಿನ ಎದುರು ಕೂತೆ.

“ಮೇಲ್ವಿಚಾರಣೆ ಇಲ್ದ ಹೆರಿಗಿ ಮಾಡಸಬಾರದು ಅಂತ ನಿಮ್ಮ ನಿಯಮ. ಹೌದಲ್ರಿ?”

“ಹೌದು.”

“ಸಿಸ್ಟರ್ ಅಲ್ಲಿರಲಿಲ್ಲ.”

“ಇದ್ರು. ಆಸ್ಪತ್ರಿ ಒಳಗ ಇದ್ರಲ್ಲ.”

“ಅದಕ್ಕ ಕರದ್ಳು. ಕರದದ್ದು ತಪ್ಪೇನ್ರಿ?”

“ಕರದದ್ದು ತಪ್ಪಲ್ಲ. ಒದರಿದ್ದು ತಪ್ಪು.”

“ಮೆಲ್ಲಕ ಕರದಾಗ ಬರಲಿಲ್ಲಲ್ರಿ?”

ಮೇಡಮ್ಮು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನೋಡ್ರಿ, ಉಳಿದ ಹುಡುಗ್ಯಾರು ಬ್ಯಾರೆ ಬ್ಯಾರೆ ಊರಾಗ ಇದ್ರು. ಅವರಿಗೂ ಯಾರೂ ಇರಲಿಲ್ಲ. ಒಬ್ಬಾಕಿರೆ ಒದರ್ಯಾಳೇನು? ಎಲ್ಲಾರೂ ಪಾಸ್. ನಿಮ್ಮ ತಂಗಿಗೆ ಕಾನ್ಫಿಡೆನ್ಸ್ ಕಮ್ಮಿ.”

ನಾನು ಒಂದೊಂದೇ ಅಂಶ ಹಿಡಿದು ಅವರ ವಾದವನ್ನು ಚಿಂದಿ ಮಾಡಿದೆ. ಯಾರೂ ಇರಲಿಲ್ಲ ಎಂದು ಅವರ ಬಾಯಿಂದಲೇ ಬಂದಿತ್ತಲ್ಲ! ಅವರು ಕೊನೆಯವರೆಗೂ ಶಾಂತವಾಗಿ ಕೇಳಿ, ಮೆಚ್ಚುಗೆಯಿಂದಲೇ ಅಂದರು, “ನೀವು ಚರ್ಚಾಸ್ಪರ್ಧೆದಾಗ ಬಹುಮಾನ ತಗೊಂಡಿರಬೇಕು.”

“ತಗೊಂಡೇನ್ರಿ.”

“ಖರೆ ಮಾತು ಹೇಳ್ತೀರಿ. ಆದ್ರ ಆಕಿ ಫೇಲ್.”

ಗೆದ್ದು ಬಸ್‌ಸ್ಟ್ಯಾಂಡಿಗೆ ಬಂದೆ.

ದೊಡ್ಡ ಸಿಸ್ಟರ್ ಜೊತೆಗೂ ವಾದ ಮಾಡಿದೆ. ಅಲ್ಲಿ ಅಷ್ಟು ಸುಲಭವಾಗಲಿಲ್ಲ. “ಕೂಡ್ ತಮ್ಮಾ” ಎಂದು ಸ್ಟೂಲು ತೋರಿಸಿದರು. “ಇಡೀ ಆಸ್ಪತ್ರಿಗೆ ನಾ ಒಬ್ಬಾಕಿ. ಹೆರಿಗಿ ನೋಡ್ಲೋ, ಔಷಧ ಕೋಣಿ ನೋಡ್ಲೋ, ಕ್ಯಾಂಪಿಗೆ ಹೆಣಮಕ್ಕಳು ಕಮ್ಮಿ ಬಂದ್ರ ಬೈಸಿಕೊಳ್ಲೋ? ಅದರಾಗ ಕಲಸೂದು ಬ್ಯಾರೆ. ನನಗ್ಯಾರ ಕಲಿಸ್ಯಾರ? ನಾನೂ ಹಿಂಗ ಒಬ್ಬಾಕಿ ನಿಂತ ಕಲತೇನಿ.”

“ನೀವು ಕಲಿಯೂ ಮುಂದ ಯಾರರೆ ಸತ್ತಾರೇನ್ರಿ?”

ಕೇಳಬಾರದಿತ್ತೇನೋ. ಸಿಸ್ಟರ್ ಕಿಟಕಿಯ ಕಡೆ ನೋಡಿದರು. “ಚಹಾ ಕುಡದ ಹೋಗು” ಎಂದರು.

ಮನೆಯವರಾದರೂ ನ್ಯಾಯ ಹೇಳಿಯಾರೆಂದು ಕಾಕಾನ ಹತ್ತಿರ ಹೋದೆ. ಕಾಕಾ ಈಗಲೂ ಕುರಿ ಮೇಯಿಸುತ್ತಾನೆ. ಹಿಂಡು ಬಿಟ್ಟು, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಅವನಿಗೂ ಮಗಳ ಮೇಲೆ ಸಿಟ್ಟು. “ದೇವರು ಕೊಟ್ಟ ಕೈಗುಣ. ಆಕಿನ ಕಳಕೊಂಡ್ಳು. ಒಂದೀಟ ಮುಟ್ಟಿದ್ರ ಏನಾಗ್ತಿತ್ತೋ?”

“ಕಾಕಾ, ಕುರಿ ಈಯೂ ಮುಂದ ಹೊಸ ಆಳನ್ನ ಒಬ್ಬನ್ನ ಬಿಡ್ತಿಯೇನು?”

“ಹುಚ್ಚ ಹಿಡದೈತೇನ್ ನಿನಗ? ಅಂವಾ ಹೆಂಗರೆ ಜಗ್ಗಿದ್ರ? ಕುರಿ ಸಾಯೂದಿಲ್ಲೇನು? ನಾ ಬಾಜೂಕ ನಿಂದ್ರಬೇಕು.”

“ಹಂಗಾರ ಆ ಹೆಣಮಗಳ ಬಾಜೂಕ ಯಾರೂ ನಿಂದ್ರೂದು ಬ್ಯಾಡೇನು?”

“ಅದು ಬ್ಯಾರೆ, ಇದು ಬ್ಯಾರೆ.”

“ಏನ್ ಬ್ಯಾರೆ?”

ಕಾಕಾ ಕಂಬಳಿ ಝಾಡಿಸಿ ಎದ್ದ. “ಕುರಿ ನಂದು.”

ಇಷ್ಟು ಪ್ರಾಮಾಣಿಕ ಉತ್ತರ ನನಗೆ ಯಾವ ಚರ್ಚಾಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಕುರಿಗೆ ಒಬ್ಬ ಮಾಲೀಕನಿದ್ದಾನೆ. ಸರಕಾರಿ ಆಸ್ಪತ್ರೆಯ ಮಂಚದ ಮೇಲೆ ಮಲಗಿದವಳಿಗೆ ಯಾರಿದ್ದಾರೆ? ಬೆಂಚಿನ ಮೇಲೆ ಕೂತ ಗಂಡನಿಗೆ ತನ್ನ ಹೆಂಡತಿಯ ಪಕ್ಕದಲ್ಲಿ ಯಾರು ನಿಂತಿರಬೇಕೆಂಬುದು ಗೊತ್ತಿಲ್ಲ. ಗೊತ್ತಿದ್ದರೂ ಕೇಳುವಂತಿಲ್ಲ. ಕೇಳಿದರೆ ‘ಮಿರಜಕ್ಕ ಒಯ್ಯಿರಿ’. ಕೇಳುವ ತಾಕತ್ತಿದ್ದವರು ಮೊದಲೇ ಮಿರಜಕ್ಕೆ ಹೋಗಿರುತ್ತಾರೆ. ಕೇಳಬೇಕಾಗಿದ್ದವಳು ಒಬ್ಬಳೇ, ಪಕ್ಕದಲ್ಲಿದ್ದ ನರ್ಸು ಹುಡುಗಿ. ಅವಳು ಕೇಳಿದಳು. ನಾವು ಅವಳನ್ನು ಫೇಲ್ ಮಾಡಿದೆವು.

ಕಳೆದ ವಾರ ಮತ್ತೆ ಆಸ್ಪತ್ರೆಗೆ ಹೋಗಿದ್ದೆ. ರೇಣುಕಾಳ ಎರಡನೇ ಸರದಿ ಮುಗಿಯುತ್ತ ಬಂದಿದೆ. ಸಿಸ್ಟರ್ ನಗುನಗುತ್ತಲೇ ಎದುರಾದರು. “ಈಗ ಸುಧಾರಿಸ್ಯಾಳ ನೋಡ್ ತಮ್ಮಾ. ಒಮ್ಮಿನೂ ಕರದಿಲ್ಲ. ಈ ಸಲ ಛಲೋ ಬರದ ಕಳಸ್ತೀನಿ.”

ರೇಣುಕಾ ನಳದ ಹತ್ತಿರ ಕೈಗವಸು ತೊಳೆಯುತ್ತಿದ್ದಳು. ತೊಳೆದು, ತಿರುಗಿಸಿ, ತಂತಿಯ ಮೇಲೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ನಗುವೇನೋ ಮೊದಲಿನದೇ.

“ಮುಂಜಾನೆ ಎರಡ ಹೆರಿಗಿ ಆದ್ವು” ಎಂದಳು. “ಒಂದು ಬಾಳ ತ್ರಾಸ ಆತು.”

“ಸಿಸ್ಟರ್ ಬಂದಿದ್ರೇನು?”

“ಇಲ್ಲ.”

“ಕರದೇನು?”

“ಇಲ್ಲ.”

“ತಂಗಿ, ಗೊತ್ತಾಗಲಿಲ್ಲಂದ್ರ ಕರೀಬೇಕವಾ.”

“ಗೊತ್ತಿದ್ದಂಗ ಮಾಡ್ತೀನಿ ಅಣ್ಣಾ.” ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಜಗ್ಗಿ ನೆಟ್ಟಗೆ ಮಾಡಿದಳು. “ನಾ ಪಾಸಾಗಬೇಕು. ಇನ್ನೊಮ್ಮೆ ಫೇಲಾದ್ರ ಅಪ್ಪ ಆ ಗಂಡಿಗೆ ಹೂಂ ಅಂತಾನ.”

ಎರಡೂ ಕಡೆಯಿಂದ ಮಾತಾಡಲು ಕಲಿತವನು ನಾನು. ಅಂದು ಉಳಿದ ಕೈಗವಸುಗಳನ್ನು ತಂತಿಗೆ ಹಾಕಿ ಕೊಟ್ಟೆ.

ಪಾಸಾಗುತ್ತಾಳೆ, ಅದರಲ್ಲಿ ನನಗೆ ಸಂಶಯವಿಲ್ಲ. ಅವಳಿಗೆ ಕಲಿಸಬೇಕಾದದ್ದನ್ನು ಇವರು ಕೊನೆಗೂ ಚೆನ್ನಾಗಿಯೇ ಕಲಿಸಿದ್ದಾರೆ. ಆಮೇಲೆ ಆ ನಾಲ್ಕೂರಿನಲ್ಲಿ ಒಂದಕ್ಕೆ ಅವಳನ್ನು ಹಾಕುತ್ತಾರೆ. ಮುಂದೊಂದು ದಿನ ಅವಳೂ ದೊಡ್ಡ ಸಿಸ್ಟರ್ ಆಗುತ್ತಾಳೆ, ಅವಳ ಕೈಕೆಳಗೆ ಕಲಿಯಲು ಹುಡುಗಿಯರು ಬರುತ್ತಾರೆ.

ಅಂದಹಾಗೆ, ನಿಮ್ಮ ಮನೆಯಲ್ಲಿ ಈಗ ಯಾರಿಗೆ ಎಷ್ಟು ತಿಂಗಳು?